ಶಾಲೆಗಳಿಗೆ ವಿನಾಯಿತಿ: ಖರ್ಚು ಯಾರ ಖಾತೆಗೆ?

ವಿನಾಯಿತಿ ಎಂಬ ಶಬ್ದವು ವರ್ತಕ ಸಮುದಾಯಕ್ಕೆ ಅಪರಿಚಿತವಾದುದಲ್ಲ. ಮಾರಾಟ ತೆರಿಗೆಯ ಕಾಲದಿಂದ ಮೊದಲ್ಗೊಂಡು, 2005ರಲ್ಲಿ ಬಂದ ಮೌಲ್ಯವರ್ಧಿತ ತೆರಿಗೆ, 2017ರಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆಯವರೆಗೆ, ಪ್ರತಿ ಆಯವ್ಯಯಕ್ಕೆ ಮುನ್ನ ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿ ಪತ್ರಗಳಲ್ಲಿ ಅತಿ ಹೆಚ್ಚು ಬಾರಿ ಕಾಣಸಿಗುವ ಶಬ್ದವೇ ಇದು. ಆದುದರಿಂದ ವಿನಾಯಿತಿಯ ಗುಣದೋಷಗಳನ್ನು ವ್ಯಾಪಾರಿಗೆ ಹೊರಗಿನವರು ಬಂದು ತಿಳಿಸಿಕೊಡಬೇಕಾದ ಅಗತ್ಯವಿಲ್ಲ. ತೆರಿಗೆ ವಿನಾಯಿತಿ ಪಡೆದ ಸರಕನ್ನು ಮಾರುವವನಿಗೆ ತಾನು ಕೊಂಡ ಸಾಮಗ್ರಿಯ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯುವುದಿಲ್ಲ. ಬಿಲ್ಲಿನಲ್ಲಿ ತೆರಿಗೆಯ ಸಾಲು ಖಾಲಿಯಿರುತ್ತದೆ. ತೆರಿಗೆ ಮಾತ್ರ ಬೆಲೆಯೊಳಗೆ ಸೇರಿಕೊಂಡಿರುತ್ತದೆ.

ಇದಕ್ಕೆ ಅತ್ಯಂತ ಸಮೀಪದ ಉದಾಹರಣೆ ಶಾಲೆಯೇ ಆಗಿದೆ. ಶಾಲಾ ಶಿಕ್ಷಣದ ಶುಲ್ಕಕ್ಕೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಆದರೆ ಬೆಂಚು ತಯಾರಿಸುವವನು, ಗಣಕಯಂತ್ರ ಮಾರುವವನು, ಕಟ್ಟಡದ ಗುತ್ತಿಗೆದಾರನು ಹಾಕುವ ತೆರಿಗೆಯನ್ನು ಶಾಲೆಯು ಜಮೆಯಾಗಿ ಪಡೆಯಲಾಗದು. ಅದು ಶಾಲೆಯ ಖರ್ಚಾಗಿ, ಅಲ್ಲಿಂದ ಶುಲ್ಕವಾಗಿ, ಪೋಷಕರ ಕೈಸೇರುತ್ತದೆ. ಹೊರೆ ಇಳಿಯಲಿಲ್ಲ, ಹೆಗಲು ಬದಲಾಯಿತು.

ತೆರಿಗೆಯಲ್ಲಿ ಈ ಮಾತನ್ನು ಸುಲಭವಾಗಿ ಒಪ್ಪುವ ಸಮಾಜವು ಶಾಲೆಗಳ ನಿಯಮಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009, ದೇಶದಲ್ಲಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣವು ಸಂವಿಧಾನದತ್ತ ಹಕ್ಕು ಎಂಬುದನ್ನು ಅದು ಕಾರ್ಯರೂಪಕ್ಕೆ ತಂದಿತು. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಶಿಕ್ಷಕರ ಅರ್ಹತೆ ಏನು, ಕಟ್ಟಡ ಹೇಗಿರಬೇಕು, ಖಾಸಗಿ ಶಾಲೆಗಳ ಪಾಲು ಎಷ್ಟು ಎಂಬುದನ್ನೆಲ್ಲ ಅದು ನಿಗದಿಪಡಿಸಿತು. ಅಲ್ಲಿಂದ ಇಲ್ಲಿಯವರೆಗಿನ ಅದರ ಚರಿತ್ರೆಯ ಬಹುಭಾಗವು ವಿನಾಯಿತಿಗಳ ಚರಿತ್ರೆಯೇ ಆಗಿದೆ. ಕೆಲವನ್ನು ನ್ಯಾಯಾಲಯವು ನೀಡಿತು, ಕೆಲವನ್ನು ಕೇಂದ್ರ ಸರ್ಕಾರ, ಕೆಲವನ್ನು ರಾಜ್ಯ ಸರ್ಕಾರ. ಇನ್ನು ಕೆಲವನ್ನು ಯಾರೂ ನೀಡಲಿಲ್ಲ, ಆದರೂ ಅವು ಚಾಲ್ತಿಯಲ್ಲಿವೆ.

ಇವುಗಳಲ್ಲಿ ಕರ್ನಾಟಕಕ್ಕೆ ಅತಿ ಹೆಚ್ಚು ಸಂಬಂಧಪಟ್ಟುದು ಅಧಿನಿಯಮದ 12(1)(ಸಿ) ಪ್ರಕರಣದ ವಿಷಯ. ಅನುದಾನರಹಿತ ಖಾಸಗಿ ಶಾಲೆಯು ಒಂದನೆಯ ತರಗತಿಯಲ್ಲಿ, ಪೂರ್ವ ಪ್ರಾಥಮಿಕ ತರಗತಿಗಳಿದ್ದರೆ ಅಲ್ಲಿಯೇ, ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಹಾಗೂ ಅವಕಾಶವಂಚಿತ ಗುಂಪಿನ ಮಕ್ಕಳಿಗೆ ನೀಡಬೇಕು; ಆ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಉಚಿತ ಶಿಕ್ಷಣ ಕೊಡಬೇಕು. ಪ್ರತಿಯಾಗಿ ಸರ್ಕಾರವು ತನ್ನ ಶಾಲೆಗಳಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ ಅಥವಾ ಆ ಶಾಲೆಯ ನಿಜವಾದ ಶುಲ್ಕ, ಇವೆರಡರಲ್ಲಿ ಕಡಿಮೆ ಇರುವುದನ್ನು ಶಾಲೆಗೆ ಮರುಪಾವತಿ ಮಾಡಬೇಕು. 2012ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನು ಎತ್ತಿಹಿಡಿದ ನಂತರ ಕರ್ನಾಟಕದಲ್ಲಿ ಪ್ರವೇಶಗಳು ಆರಂಭವಾದವು. ಮರುಪಾವತಿಯ ಮಿತಿಯನ್ನು ಒಂದನೆಯ ತರಗತಿಗೆ ಮೊದಲು 11,848 ರೂಪಾಯಿಗಳೆಂದು, ನಂತರ 16,000 ರೂಪಾಯಿಗಳೆಂದು ನಿಗದಿಪಡಿಸಲಾಯಿತು. ಪೂರ್ವ ಪ್ರಾಥಮಿಕಕ್ಕೆ ಇದರ ಅರ್ಧ.

ಈ ಏರ್ಪಾಡಿನ ಬಗ್ಗೆ ಎರಡೂ ಕಡೆಯಿಂದ ದೂರುಗಳಿದ್ದವು. ಮರುಪಾವತಿ ತಡವಾಗಿ ಬರುತ್ತದೆ, ಬಂದರೂ ನಿಜವಾದ ಖರ್ಚಿಗೆ ಸಾಲದು, ಉಳಿದ ಮುಕ್ಕಾಲು ಪಾಲು ಪೋಷಕರ ಶುಲ್ಕದಿಂದ ಅದನ್ನು ತುಂಬಬೇಕಾಗುತ್ತದೆ ಎಂಬುದು ಶಾಲಾ ಆಡಳಿತ ಮಂಡಳಿಗಳ ಮಾತು. ಇದರಲ್ಲಿ ಸತ್ಯಾಂಶವಿತ್ತು. ಸರ್ಕಾರದ ಕಡೆಯ ದೂರು ಬೇರೆ ಬಗೆಯದು. ಪ್ರತಿ ವರ್ಷ ಒಂದು ಲಕ್ಷಕ್ಕೂ ಮಿಕ್ಕಿ ಸ್ಥಾನಗಳನ್ನು ಖಾಸಗಿ ಶಾಲೆಗಳಲ್ಲಿ ತೋರಿಸಿ, ಅದಕ್ಕೆ ಹಣವನ್ನೂ ತಾನೇ ಕೊಟ್ಟು, ಅದೇ ಊರಿನ ತನ್ನ ಶಾಲೆಯಲ್ಲಿ ಮಕ್ಕಳಿಲ್ಲದೆ ಬೆಂಚುಗಳು ಖಾಲಿಯಾಗುವುದನ್ನು ಸರ್ಕಾರವು ನೋಡುತ್ತ ಕೂರಬೇಕೇ ಎಂಬುದು. ಕನ್ನಡ ಶಾಲೆಗಳ ಹಿತಚಿಂತಕರೂ, ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳವರೂ ಇದೇ ಮಾತನ್ನು ಬಹುಕಾಲದಿಂದ ಹೇಳುತ್ತಿದ್ದರು.

ಲೆಕ್ಕ ಬಲ್ಲವರಿಗೆ ಈ ದೂರಿನ ತಿರುಳು ಬೇಗ ತಿಳಿಯುತ್ತದೆ. ಒಂದು ಮಗುವಿಗೆ ತಗಲುವ ವೆಚ್ಚವನ್ನು ಕಂಡುಹಿಡಿಯುವ ಸೂತ್ರವೆಂದರೆ ಸರ್ಕಾರಿ ಶಾಲೆಗಳ ಒಟ್ಟು ಆವರ್ತಕ ವೆಚ್ಚವನ್ನು ಅಲ್ಲಿಯ ಮಕ್ಕಳ ಸಂಖ್ಯೆಯಿಂದ ಭಾಗಿಸುವುದು. ಶಾಲೆಯ ವೆಚ್ಚದಲ್ಲಿ ದೊಡ್ಡ ಪಾಲು ಶಿಕ್ಷಕರ ವೇತನ. ಅದು ಸ್ಥಿರ ವೆಚ್ಚ. ಐವತ್ತು ಮಕ್ಕಳಿದ್ದ ಶಾಲೆಯಿಂದ ಹದಿನೈದು ಮಕ್ಕಳು ಹೊರಟುಹೋದರೆ ವೇತನದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ, ಉಳಿದ ಮೂವತ್ತೈದು ಮಕ್ಕಳ ತಲಾ ವೆಚ್ಚ ಮಾತ್ರ ಏರುತ್ತದೆ. ಅಂದರೆ ಮಗು ಹೊರಗೆ ಹೋದುದಕ್ಕೆ ಸರ್ಕಾರವು ಎರಡು ಬಾರಿ ಖರ್ಚು ಮಾಡುತ್ತದೆ. ಅರ್ಧದಷ್ಟು ಮಾತ್ರ ಓಡುವ ಕಾರ್ಖಾನೆಯ ಮಾಲೀಕನು ಹೊರಗಿನವರಿಗೆ ಜಾಬ್ ವರ್ಕ್ ಕೊಟ್ಟಂತೆ ಇದು.

ಈ ಹಿನ್ನೆಲೆಯಲ್ಲಿ 2019ರ ಜನವರಿ ಅಂತ್ಯದಲ್ಲಿ ರಾಜ್ಯ ಸರ್ಕಾರವು 2012ರ ತನ್ನ ನಿಯಮಗಳ 4ನೆಯ ನಿಯಮಕ್ಕೆ ತಿದ್ದುಪಡಿ ಮಾಡಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಅನುದಾನರಹಿತ ಶಾಲೆಯನ್ನು ಶೇಕಡಾ 25ರ ಪ್ರವೇಶಕ್ಕಾಗಿ ಗುರುತಿಸತಕ್ಕದ್ದಲ್ಲ ಎಂಬುದು ತಿದ್ದುಪಡಿಯ ಸಾರ. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕರ್ನಾಟಕದ ಬಹುತೇಕ ಗ್ರಾಮಗಳಲ್ಲಿ, ನಗರಗಳ ವಾರ್ಡುಗಳಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದೇ ಇರುತ್ತದೆಯಾದ್ದರಿಂದ ಪರಿಣಾಮವು ಊಹೆಗೆ ನಿಲುಕುವಂತಹುದೇ. 2018-19ರಲ್ಲಿ ಸುಮಾರು ಒಂದೂವರೆ ಲಕ್ಷದಷ್ಟಿದ್ದ ಲಭ್ಯ ಸ್ಥಾನಗಳು 2019-20ರಲ್ಲಿ 20,000ಕ್ಕಿಂತ ಕೆಳಗಿಳಿದವು.

ಒಂದು ಕಾಗದದ ಲೆಕ್ಕವನ್ನು ಇಲ್ಲಿ ಮಾಡಬಹುದು. ಕಡಿತವಾದ ಸ್ಥಾನಗಳು ಸುಮಾರು 1,30,000. ಅವೆಲ್ಲವೂ ಭರ್ತಿಯಾಗಿ, ಎಲ್ಲಕ್ಕೂ ಗರಿಷ್ಠ ಮಿತಿಯಾದ 16,000 ರೂಪಾಯಿಗಳೇ ಸಲ್ಲುತ್ತಿದ್ದವು ಎಂದಿಟ್ಟುಕೊಂಡರೆ ಒಂದು ವರ್ಷದ ಪ್ರವೇಶಕ್ಕೆ 208 ಕೋಟಿ ರೂಪಾಯಿ. ವಾಸ್ತವದಲ್ಲಿ ಮೊತ್ತವು ಇದಕ್ಕಿಂತ ಕಡಿಮೆ. ಎಲ್ಲ ಸ್ಥಾನಗಳೂ ಭರ್ತಿಯಾಗುತ್ತಿರಲಿಲ್ಲ, ಹಲವು ಶಾಲೆಗಳ ಶುಲ್ಕವೇ ಮಿತಿಯ ಒಳಗಿತ್ತು, ಪೂರ್ವ ಪ್ರಾಥಮಿಕದ ದರವೂ ಅರ್ಧವಾಗಿತ್ತು. ಆದರೆ ಇದು ಒಂದು ವರ್ಷದ ಹೊಣೆಗಾರಿಕೆಯಲ್ಲ. ಒಳಗೆ ಬಂದ ಮಗು ಎಂಟನೆಯ ತರಗತಿಯವರೆಗೆ ಇರುತ್ತದೆ. ವರ್ಷದಿಂದ ವರ್ಷಕ್ಕೆ ಒಂದೊಂದು ತಂಡ ಸೇರಿ, ಎಂಟು ತಂಡಗಳಾಗುವ ಹೊತ್ತಿಗೆ ಹೊಣೆಯು ಎಂಟು ಪಟ್ಟಾಗುತ್ತದೆ. ತಿದ್ದುಪಡಿಯಿಂದ ಬರುವ ಉಳಿತಾಯವೂ ಅದೇ ಗತಿಯಲ್ಲಿ ವರ್ಷ ವರ್ಷಕ್ಕೂ ಬೆಳೆಯುತ್ತದೆ. ಗರಿಷ್ಠ ಲೆಕ್ಕದ ಅರ್ಧವನ್ನು ಹಿಡಿದರೂ ಇದು ವರ್ಷಕ್ಕೆ ನೂರಾರು ಕೋಟಿಗಳ ಮಾತು.

ಆ ಹಣ ಎಲ್ಲಿಗೆ ಹೋಗಬೇಕು? ನಿಯಮದ ತಿದ್ದುಪಡಿಯಲ್ಲಿ ಈ ಬಗ್ಗೆ ಒಂದು ಅಕ್ಷರವೂ ಇಲ್ಲ. ಇಡೀ ವಿಷಯದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ ಆಗಿದೆ. ಸರ್ಕಾರಿ ಶಾಲೆಯನ್ನು ಉಳಿಸುವುದಕ್ಕಾಗಿ ಖಾಸಗಿ ಶಾಲೆಗೆ ವಿನಾಯಿತಿ ನೀಡಲಾಗುತ್ತದೆ ಎಂಬುದು ಕಾರಣವಾಗಿದ್ದರೆ, ವಿನಾಯಿತಿಯಿಂದ ಉಳಿದ ಹಣವು ಅದೇ ನೆರೆಹೊರೆಯ ಸರ್ಕಾರಿ ಶಾಲೆಯ ಖಾತೆಗೆ ಜಮೆಯಾಗಬೇಕಾಗಿತ್ತು. ಒಂದು ಕೊಠಡಿ, ಒಬ್ಬ ಶಿಕ್ಷಕ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ, ಯಾವುದಾದರೂ ಒಂದು ರೂಪದಲ್ಲಿ. ಅಂತಹ ಪ್ರತ್ಯೇಕ ಲೆಕ್ಕಶೀರ್ಷಿಕೆಯಿಲ್ಲದೆ ಉಳಿದ ಹಣವು ಸಾಮಾನ್ಯ ಖಜಾನೆಯಲ್ಲಿ ಕರಗುತ್ತದೆ. ಒಂದು ಶಾಖೆಯನ್ನು ಮುಚ್ಚಿ ಇನ್ನೊಂದನ್ನು ಬಲಪಡಿಸುವೆನೆಂದು ಹೇಳಿ, ಮುಚ್ಚಿದ ಶಾಖೆಯ ಬಂಡವಾಳವನ್ನು ಎಲ್ಲಿ ತೊಡಗಿಸಿದೆನೆಂದು ತೋರಿಸದ ಪಾಲುದಾರನನ್ನು ಇತರ ಪಾಲುದಾರರು ಸುಮ್ಮನೆ ಬಿಡಲಾರರು.

ವಿನಾಯಿತಿಯಿಂದ ಮಕ್ಕಳು ಸರ್ಕಾರಿ ಶಾಲೆಗೆ ಮರಳಿದರೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಹೇಳುವುದು ಕಷ್ಟ; ಮರುವರ್ಷವೇ ಕೋವಿಡ್ ಬಂದು ಎಲ್ಲ ಅಂಕಿಗಳನ್ನೂ ಕಲಕಿತು. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳ ಪೈಕಿ ಸರ್ಕಾರಿ ಶಾಲೆಗಳಲ್ಲಿದ್ದವರು 2018ರಲ್ಲಿ ಶೇಕಡಾ 65.6, 2022ರಲ್ಲಿ ಶೇಕಡಾ 72.9, 2024ರ ವೇಳೆಗೆ ಮತ್ತೆ ಶೇಕಡಾ 66.8. ದುಡಿಮೆ ನಿಂತಾಗ ಜನ ಸರ್ಕಾರಿ ಶಾಲೆಗೆ ಬಂದರು. ದುಡಿಮೆ ಮರಳಿದಾಗ ಖಾಸಗಿ ಶಾಲೆಗೆ ಹಿಂದಿರುಗಿದರು. ಇದು ದೇಶದ ಚಿತ್ರ, ಕರ್ನಾಟಕದ ನಿಯಮ ತಿದ್ದುಪಡಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಬಡ ಪೋಷಕನು ಶಾಲೆಯನ್ನು ಆರಿಸುವ ಬಗೆಯನ್ನು ಇದು ತೋರಿಸುತ್ತದೆ. ಬಾಗಿಲು ಮುಚ್ಚಿದ ಮಾತ್ರಕ್ಕೆ ಅವನು ಪಕ್ಕದ ಬಾಗಿಲಿಗೆ ಬರುವನೆಂಬ ಭರವಸೆಯಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನು, ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಯು, ಅಂಗಡಿಯ ಗುಮಾಸ್ತನು ಮಗುವಿಗೆ ಇಂಗ್ಲಿಷ್ ಬರಲಿ ಎಂಬ ಒಂದೇ ಆಸೆಯಿಂದ, ತಿಂಗಳ ಸಂಬಳದಿಂದ ಕಿತ್ತು ಕಡಿಮೆ ಶುಲ್ಕದ ಖಾಸಗಿ ಶಾಲೆಗೆ ಕಟ್ಟುತ್ತಾನೆ. ಹಿಂದೆ ಅದೇ ಮಗುವಿನ ಶುಲ್ಕವನ್ನು ಸರ್ಕಾರ ಕಟ್ಟುತ್ತಿತ್ತು, ಈಗ ಅವನೇ ಕಟ್ಟುತ್ತಾನೆ. ಖರ್ಚು ಸರ್ಕಾರದ ಖಾತೆಯಿಂದ ಕಾರ್ಮಿಕನ ಖಾತೆಗೆ ವರ್ಗವಾಯಿತು. ಮುಂಗಡ ಸಂಬಳ ಕೇಳಲು ಮೇ-ಜೂನ್ ತಿಂಗಳಿನಲ್ಲಿ ಮಾಲೀಕರ ಮುಂದೆ ನಿಲ್ಲುವವರಲ್ಲಿ ಎಷ್ಟು ಮಂದಿ ಶಾಲೆಯ ಶುಲ್ಕಕ್ಕಾಗಿ ಬಂದಿರುತ್ತಾರೆ ಎಂಬುದನ್ನು ಈ ಪತ್ರಿಕೆಯ ಓದುಗರು ಬಲ್ಲರು.

ಸರ್ಕಾರವೂ ಈ ಆಸೆಯನ್ನು ಗುರುತಿಸದೆ ಇಲ್ಲ. 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳನ್ನು ತೆರೆದುದು, ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಬೆಳೆಸಿದುದು ಅದರ ಗುರುತು. ಆದರೆ ಮಗುವಿಗೆ ಇದ್ದ ದಾರಿಯನ್ನು ರಾಜ್ಯದಾದ್ಯಂತ ಒಂದೇ ದಿನ ಮುಚ್ಚಿ, ಬದಲಿ ದಾರಿಯನ್ನು ಅಲ್ಲಲ್ಲಿ ಮಾತ್ರ ಕಟ್ಟಲು ಆರಂಭಿಸಿದಂತಾಯಿತು.

ನೆರೆಯ ಮಹಾರಾಷ್ಟ್ರದ ಅನುಭವವು ಇಲ್ಲಿ ಗಮನಾರ್ಹ. 2024ರ ಫೆಬ್ರವರಿಯಲ್ಲಿ ಆ ಸರ್ಕಾರವೂ ಇಂತಹದೇ ಅಧಿಸೂಚನೆಯನ್ನು ಹೊರಡಿಸಿ, ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ವಿನಾಯಿತಿ ನೀಡಿತು. ಜುಲೈ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಅದನ್ನು ರದ್ದುಪಡಿಸಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿನಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ಹೀಗೆ ಒಂದೇ ಕೇಂದ್ರ ಕಾನೂನಿನ ಅಡಿಯಲ್ಲಿ, ಬೆಳಗಾವಿಯ ಮಗುವಿಗೂ ಕೊಲ್ಲಾಪುರದ ಮಗುವಿಗೂ ಬೇರೆ ಬೇರೆ ಹಕ್ಕು ಎಂಬ ಸ್ಥಿತಿ ಉಂಟಾಯಿತು. ಗಡಿ ದಾಟಿದರೆ ದರ ಬದಲಾಗುತ್ತಿದ್ದ ಹಳೆಯ ಮಾರಾಟ ತೆರಿಗೆಯ ದಿನಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ಇನ್ನೊಂದು ದೊಡ್ಡ ವಿನಾಯಿತಿಯು ನ್ಯಾಯಾಲಯದಿಂದ ಬಂದುದು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನಿತವಾಗಿರಲಿ ಇಲ್ಲದಿರಲಿ, ಈ ಅಧಿನಿಯಮವೇ ಅನ್ವಯಿಸದೆಂದು ತೀರ್ಪು ನೀಡಿತು. ಸಂವಿಧಾನದ 30ನೆಯ ವಿಧಿಯು ಕೊಟ್ಟ ಹಕ್ಕು ಚಿಕ್ಕದಲ್ಲ. ಅದರ ರಕ್ಷಣೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯು ಅಂತಹ ಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇಕಡಾ 62ಕ್ಕೂ ಹೆಚ್ಚು ಮಂದಿ ಅಲ್ಪಸಂಖ್ಯಾತರಲ್ಲದವರೆಂದು ತೋರಿಸಿತು. ಸಮುದಾಯವೊಂದರ ಮಕ್ಕಳಿಗಾಗಿ ಕೊಟ್ಟ ಹಕ್ಕಿನ ಲಾಭ ಯಾರಿಗೆ ಸಲ್ಲುತ್ತಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ಖಾಸಗಿಯವರಿಗೆ ದೊರೆತ ವಿನಾಯಿತಿಗಳ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆಯಾದರೂ ಆಗುತ್ತದೆ. ಸರ್ಕಾರವು ತನಗೆ ತಾನೇ ಕೊಟ್ಟುಕೊಂಡ ವಿನಾಯಿತಿಗಳ ಬಗ್ಗೆ ಅಷ್ಟೂ ಆಗುವುದಿಲ್ಲ. ಸರ್ಕಾರಿ ಶಾಲೆಗಳಿಗೆ ಅತಿ ಹೆಚ್ಚು ಪೆಟ್ಟು ಬಿದ್ದಿರುವುದು ಇವುಗಳಿಂದಲೇ. ಅಧಿನಿಯಮದ 18ನೆಯ ಪ್ರಕರಣದಂತೆ ಮಾನ್ಯತಾ ಪತ್ರವಿಲ್ಲದೆ ಯಾವ ಶಾಲೆಯನ್ನೂ ನಡೆಸತಕ್ಕದ್ದಲ್ಲ, ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳನ್ನು ಹೊರತುಪಡಿಸಿ. ಮಾನ್ಯತೆಯಿಲ್ಲದೆ ನಡೆಸುವ ಖಾಸಗಿಯವರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಮುಂದುವರಿದರೆ ದಿನಕ್ಕೆ ಹತ್ತು ಸಾವಿರ. ಕಟ್ಟಡ ಮತ್ತು ಶಿಕ್ಷಕರ ಮಾನದಂಡಗಳು ಸರ್ಕಾರಿ ಶಾಲೆಗೂ ಅನ್ವಯಿಸುತ್ತವೆ ನಿಜ. ಅವುಗಳನ್ನು ಪೂರೈಸಲು ಹಳೆಯ ಶಾಲೆಗಳಿಗೆಲ್ಲ ಮೂರು ವರ್ಷಗಳ ಕಾಲಾವಕಾಶವನ್ನು ಕೊಡಲಾಗಿತ್ತು, ಅದು 2013ರ ಮಾರ್ಚ್ 31ಕ್ಕೆ ಮುಗಿಯಿತು. ಪೂರೈಸದ ಖಾಸಗಿ ಶಾಲೆಯ ಮಾನ್ಯತೆಯನ್ನು ಹಿಂಪಡೆಯಬಹುದು. ಮಾನ್ಯತೆಯನ್ನೇ ಪಡೆಯಬೇಕಾಗಿಲ್ಲದ ಶಾಲೆಯಿಂದ ಹಿಂಪಡೆಯುವುದು ಏನನ್ನು?

ಅಧಿನಿಯಮದ ಅನುಸೂಚಿಯಂತೆ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಕೇಂದ್ರ ಶಿಕ್ಷಣ ಸಚಿವಾಲಯದ 2024-25ರ ಅಂಕಿಗಳಂತೆ ದೇಶದಲ್ಲಿ ಏಕೋಪಾಧ್ಯಾಯ ಶಾಲೆಗಳು ಒಂದು ಲಕ್ಷಕ್ಕೂ ಮೀರಿವೆ. ಕರ್ನಾಟಕದಲ್ಲಿಯೇ ಏಳು ಸಾವಿರಕ್ಕೂ ಹೆಚ್ಚು. 26ನೆಯ ಪ್ರಕರಣವು ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇಕಡಾ ಹತ್ತನ್ನು ಮೀರಕೂಡದೆಂದು ಹೇಳುತ್ತದೆ. ಹುದ್ದೆಗಳನ್ನು ತುಂಬುವ ಬದಲು ಪ್ರತಿ ಜೂನ್‌ನಲ್ಲಿ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ಗೌರವಧನದ ಮೇಲೆ ನೇಮಿಸಿಕೊಳ್ಳುವುದು ರಾಜ್ಯದಲ್ಲಿ ರೂಢಿಯಾಗಿದೆ. ಬೇಸಿಗೆ ರಜೆ ಬಂದೊಡನೆ ಅವರ ಕೆಲಸವೂ ಮುಗಿಯುತ್ತದೆ. ಈ ರೂಢಿಗೆ ಅಧಿಸೂಚನೆ ಇಲ್ಲ, ಅವಧಿ ಇಲ್ಲ, ಕಾರಣ ದಾಖಲಾಗಿಲ್ಲ. ಲೆಕ್ಕ ಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ ಇದು ಪುಸ್ತಕದಲ್ಲಿ ಬರೆಯದ ಹೊಣೆಗಾರಿಕೆ.

ಶಿಕ್ಷಕರ ಅರ್ಹತೆಯ ವಿಷಯದಲ್ಲಿ ಮಾತ್ರ ವಿನಾಯಿತಿಯನ್ನು ಬರೆದೇ ಕೊಡಲಾಯಿತು. ತರಬೇತಾದವರು ಸಾಕಷ್ಟು ದೊರೆಯದ ರಾಜ್ಯಗಳಿಗೆ 23ನೆಯ ಪ್ರಕರಣದಂತೆ ಐದು ವರ್ಷಗಳ ಸಡಿಲಿಕೆ ದೊರೆಯಿತು. 2015ರಲ್ಲಿ ಅವಧಿ ಮುಗಿದಾಗ ಕೆಲಸ ಮುಗಿದಿರಲಿಲ್ಲ. 2017ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿ ಗಡುವನ್ನು 2019ರ ಮಾರ್ಚ್ 31ಕ್ಕೆ ಮುಂದೂಡಿತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿಮೂರು ಲಕ್ಷಕ್ಕೂ ಹೆಚ್ಚು ಶಿಕ್ಷಕರು ಹದಿನೆಂಟು ತಿಂಗಳ ಡಿಪ್ಲೊಮಾಕ್ಕೆ ಹೆಸರು ನೋಂದಾಯಿಸಿದರು. 2023ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಡಿಪ್ಲೊಮಾ ಎರಡು ವರ್ಷದ ಡಿಪ್ಲೊಮಾಕ್ಕೆ ಸಮನಲ್ಲವೆಂದಿತು. ಮೇಲೆ ಹೇಳಿದ 2025ರ ತೀರ್ಪಿನಲ್ಲಿಯೇ, ಐದು ವರ್ಷಕ್ಕಿಂತ ಹೆಚ್ಚು ಸೇವಾವಧಿ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದೂ ಆದೇಶವಾಯಿತು. ಸಡಿಲಿಕೆಯನ್ನು ನಂಬಿ ಕೆಲಸಕ್ಕೆ ಸೇರಿದ ಶಿಕ್ಷಕನು ಐವತ್ತರ ವಯಸ್ಸಿನಲ್ಲಿ ಪರೀಕ್ಷೆಗೆ ಕೂರಬೇಕು. ಆ ಸಡಿಲಿಕೆಯ ಕಾಲದಲ್ಲಿ ಓದಿದ ಮಗುವಂತೂ ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ. ಇಬ್ಬರ ಬಗೆಗೂ ಕನಿಕರ ಉಂಟಾಗುತ್ತದೆ.

ವಿನಾಯಿತಿಗೆ ಅವಧಿ, ಷರತ್ತು, ತಪ್ಪಿದರೆ ಪರಿಣಾಮ, ಈ ಮೂರನ್ನೂ ಇಟ್ಟು ನಡೆಸಿದ ಒಂದು ಪ್ರಯೋಗವು ಅಮೆರಿಕದಲ್ಲಿ ನಡೆದಿದೆ. 2002ರಲ್ಲಿ ಜಾರಿಗೆ ಬಂದ ಅಲ್ಲಿಯ ಶಿಕ್ಷಣ ಕಾನೂನು, 2013-14ರ ವೇಳೆಗೆ ಓದು ಮತ್ತು ಗಣಿತದಲ್ಲಿ ಎಲ್ಲ ಮಕ್ಕಳೂ ನಿಗದಿತ ಮಟ್ಟವನ್ನು ಮುಟ್ಟಬೇಕೆಂದು ವಿಧಿಸಿತ್ತು. ಅದು ಅಸಾಧ್ಯವೆಂಬುದು ಮನವರಿಕೆಯಾದಾಗ, 2011ರಲ್ಲಿ ಒಬಾಮಾ ಸರ್ಕಾರವು ರಾಜ್ಯಗಳಿಗೆ ವಿನಾಯಿತಿ ನೀಡಲು ಮುಂದಾಯಿತು. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಪಡೆದವು. ಪ್ರತಿಯಾಗಿ ಶಿಕ್ಷಕರ ಮೌಲ್ಯಮಾಪನದಲ್ಲಿ ಮಕ್ಕಳ ಪ್ರಗತಿಯನ್ನು ಪರಿಗಣಿಸುವುದೇ ಮೊದಲಾದ ಷರತ್ತುಗಳನ್ನು ಒಪ್ಪಬೇಕಾಯಿತು. ಆ ಷರತ್ತನ್ನು ಪೂರೈಸದ ವಾಷಿಂಗ್ಟನ್ ರಾಜ್ಯದ ವಿನಾಯಿತಿಯನ್ನು 2014ರ ಏಪ್ರಿಲ್‌ನಲ್ಲಿ ಹಿಂಪಡೆಯಲಾಯಿತು. ಒಡನೆಯೇ ಅಲ್ಲಿಯ ಶಾಲಾ ಜಿಲ್ಲೆಗಳು ಕೇಂದ್ರದ ಅನುದಾನದಲ್ಲಿ ಒಂದು ಭಾಗವನ್ನು ಖಾಸಗಿ ಬೋಧನೆಗೆಂದು ಮತ್ತೆ ಎತ್ತಿಡಬೇಕಾಯಿತು. ಈ ಕ್ರಮವನ್ನು ಮೆಚ್ಚದವರು ಬಹಳ ಮಂದಿ. ಸಂಸತ್ತು ಮಾಡಬೇಕಾದ ಕಾನೂನನ್ನು ಇಲಾಖೆಯು ಷರತ್ತುಗಳ ಮೂಲಕ ಮಾಡಿತೆಂಬ ಆಕ್ಷೇಪಣೆಯು ಬಲವಾಗಿತ್ತು. 2015ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಬಂದು ಆ ವಿನಾಯಿತಿಗಳು ಕೊನೆಗೊಂಡವು. ಒಳ್ಳೆಯದೋ ಕೆಟ್ಟದ್ದೋ, ಯಾರಿಗೆ ಏನು ಸಡಿಲವಾಯಿತು, ಏತಕ್ಕೆ ಪ್ರತಿಯಾಗಿ, ಎಲ್ಲಿಯವರೆಗೆ ಎಂಬುದು ಅಲ್ಲಿಯ ಪೋಷಕರಿಗೆ ತಿಳಿದಿತ್ತು.

ಎಲ್ಲ ನಿಯಮಗಳೂ ಸಡಿಲಿಸಬಹುದಾದವುಗಳಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹುಲ್ಲಿನ ಮಾಡಿಗೆ ಹತ್ತಿದ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಒಂದೇ ಇಕ್ಕಟ್ಟಿನ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳು ನಡೆಯುತ್ತಿದ್ದವು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿ, ಅಗ್ನಿ ಸುರಕ್ಷತೆಯ ಕ್ರಮಗಳನ್ನು ಎಲ್ಲ ಶಾಲೆಗಳಿಗೂ ವಿಧಿಸಿದುದು ಆ ದುರಂತದ ಹಿನ್ನೆಲೆಯಲ್ಲಿಯೇ. ಮಾನ್ಯತೆ ನವೀಕರಣದ ಋತುವಿನಲ್ಲಿ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಪ್ರಮಾಣಪತ್ರಗಳಿಂದ ಬಿಡುಗಡೆ ಬೇಕೆಂಬ ಕೋರಿಕೆಗಳು ಕೇಳಿಬಂದಾಗ, ಪ್ರಮಾಣಪತ್ರ ಪಡೆಯುವ ದಾರಿಯಲ್ಲಿರುವ ವಿಳಂಬ ಮತ್ತು ಕೈಬಿಸಿಯ ಬಗ್ಗೆ ದೂರುವುದು ನ್ಯಾಯವೇ. ಪ್ರಮಾಣಪತ್ರವೇ ಬೇಡವೆನ್ನುವುದು ಬೇರೆ ಮಾತು. ಕಾರ್ಖಾನೆ ಪರವಾನಗಿಗಳ ವಿಷಯದಲ್ಲಿ ವಾಣಿಜ್ಯ ಸಂಸ್ಥೆಗಳೂ ಈ ಎರಡು ಮಾತುಗಳನ್ನು ಕೆಲವೊಮ್ಮೆ ಒಂದಾಗಿ ಬೆರೆಸುವುದುಂಟು.

ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಈ ವಿಷಯದಲ್ಲಿ ಹೊರಗಿನವರಲ್ಲ. ಬಹಳಷ್ಟು ಮಂದಿ ಊರಿನ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಇದ್ದಾರೆ. ವಿನಾಯಿತಿಯ ಫಲಾನುಭವಿಗಳೂ ಅವರೇ. ಅದೇ ಸಮಯದಲ್ಲಿ, ಬಿಲ್ಲು ಓದಲು, ಅಳತೆ ಗುರುತಿಸಲು, ಯಂತ್ರದ ಮೇಲಿನ ಸೂಚನೆಯನ್ನು ಅರ್ಥಮಾಡಿಕೊಳ್ಳಲು ಬಲ್ಲ ಹುಡುಗರು ಸಿಗುವುದಿಲ್ಲವೆಂದು ಗೊಣಗುವವರೂ ಅವರೇ. ಆ ಹುಡುಗರಲ್ಲಿ ಹೆಚ್ಚಿನವರು ಒಬ್ಬನೇ ಶಿಕ್ಷಕನಿದ್ದ, ಅಥವಾ ಜೂನ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಹೋಗುವ ಅತಿಥಿ ಶಿಕ್ಷಕನಿದ್ದ ಶಾಲೆಯಿಂದ ಬಂದವರು.

ಪರಿಹಾರಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಕೇಂದ್ರ ಸರ್ಕಾರವು 2006-07ರಿಂದ ಆಯವ್ಯಯದ ಜೊತೆಗೆ ತೆರಿಗೆ ವಿನಾಯಿತಿಗಳಿಂದ ಕೈಬಿಟ್ಟ ವರಮಾನದ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಯಾವ ರಿಯಾಯಿತಿಗೆ ಎಷ್ಟು ಕೋಟಿ ಎಂಬುದು ಅದರಿಂದ ಜನರ ಮುಂದೆ ಬಂದಿತು. ಕೆಲವು ರಿಯಾಯಿತಿಗಳು ನಾಚಿಕೊಂಡು ಹಿಂದೆ ಸರಿದದ್ದೂ ಉಂಟು. ಅದೇ ಮಾದರಿಯಲ್ಲಿ ರಾಜ್ಯದ ಶಿಕ್ಷಣ ಇಲಾಖೆಯು ತಾನು ನೀಡಿದ ಹಾಗೂ ತಾನೇ ಪಡೆದುಕೊಂಡ ಸಡಿಲಿಕೆಗಳ ಪಟ್ಟಿಯೊಂದನ್ನು ಆಯವ್ಯಯಕ್ಕೆ ಲಗತ್ತಿಸಬಹುದು. ಯಾವ ನಿಯಮ, ಯಾವ ತಾಲ್ಲೂಕಿನ ಎಷ್ಟು ಶಾಲೆಗಳು, ಯಾವ ದಿನಾಂಕದವರೆಗೆ, ಉಳಿದ ಹಣ ಎಷ್ಟು, ಅದು ಯಾವ ಶಾಲೆಗೆ ಹೋಯಿತು. ಏಕೋಪಾಧ್ಯಾಯ ಶಾಲೆಗಳ ಹೆಸರುಗಳೂ ಅದರಲ್ಲಿರಲಿ. 2019ರ ತಿದ್ದುಪಡಿಯಿಂದಾದ ಉಳಿತಾಯದ ವರ್ಷವಾರು ಲೆಕ್ಕವು ಪಟ್ಟಿಯ ಮೊದಲ ಸಾಲಾಗಲಿ.

ಬರುವ ಆಯವ್ಯಯಕ್ಕೆ ಮುನ್ನ ವಾಣಿಜ್ಯ ಸಂಸ್ಥೆಗಳು ಮುಖ್ಯಮಂತ್ರಿಗಳಿಗೆ ಸಲ್ಲಿಸುವ ಮನವಿಯಲ್ಲಿ ವೃತ್ತಿ ತೆರಿಗೆ, ವಿದ್ಯುತ್ ದರ, ಸಾಲದ ಬಡ್ಡಿ ರಿಯಾಯಿತಿಗಳ ಕೋರಿಕೆಗಳು ಎಂದಿನಂತೆ ಇರುತ್ತವೆ. ಅವುಗಳ ಕೆಳಗೆ ಈ ಪಟ್ಟಿಗಾಗಿ ಒಂದು ಕೋರಿಕೆಯನ್ನು ಸೇರಿಸಲು ಅರ್ಧ ಪುಟ ಸಾಕು.